ರಾಷ್ಟ್ರಪತಿಗಳ ಭಾಷಣ ಮುಗಿಯುವ ಮೊದಲೇ ಶುರುವಾಗುವ ಜಗಳ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಜನವರಿ 25ರ ಸಂಜೆ ನಾವು ನಾಲ್ಕು ಜನ ಕೂಡುವ ಹೋಟೆಲಿನಲ್ಲಿ ರಾಷ್ಟ್ರಪತಿಗಳ ಭಾಷಣ ಟಿ.ವಿ.ಯಲ್ಲಿ ಬರುತ್ತದೆ. ಅದು ಮುಗಿಯುವ ಮೊದಲೇ ವಾದ ಶುರು. ‘ಸರ್ಕಾರ ಬರೆದುಕೊಟ್ಟದ್ದನ್ನು ಓದುತ್ತಾರೆ, ಕೇಳುವುದೇನಿದೆ?’ ಎನ್ನುವವರು ಒಂದು ಕಡೆ. ‘ದೇಶದ ಪ್ರಥಮ ಪ್ರಜೆಯ ಮಾತನ್ನು ಟೀಕಿಸುವುದೇ ಅಪರಾಧ’ ಎನ್ನುವವರು ಇನ್ನೊಂದು ಕಡೆ. ಈಚೆಗೆ ನನ್ನ ಹತ್ತನೇ ತರಗತಿಯ ಹುಡುಗರು ಅಮೆರಿಕದ ಅಧ್ಯಕ್ಷರ ಭಾಷಣದ ತುಣುಕುಗಳನ್ನು ಮೊಬೈಲ್‌ನಲ್ಲಿ ನೋಡಿ, ‘ಅಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ, ಕಾಗದ ಹರಿಯುತ್ತಾರೆ, ನಮ್ಮಲ್ಲೇಕೆ ಇಲ್ಲ?’ ಎಂದು ಕೇಳಿದರು. ಇಂಥ ಭಾಷಣಗಳಿಗೆ ಜನ ತೋರುವ ಪ್ರತಿಕ್ರಿಯೆಗೆ ಬೆಲೆ ಇದೆಯೇ? ಯಾರ ಪ್ರತಿಕ್ರಿಯೆಯನ್ನು ನಂಬಬೇಕು? ನಮ್ಮ ಹುಡುಗರು ರಾಷ್ಟ್ರಪತಿಗಳಿಗೆ ಪತ್ರ ಬರೆದರೆ ಯಾರಾದರೂ ಓದುತ್ತಾರೆಯೇ?

ಉತ್ತರ: ಮಾಸ್ತರರೇ, ನಿಮ್ಮ ಹೋಟೆಲಿನ ಜಗಳ ಈ ಜನ್ಮದಲ್ಲಿ ಬಗೆಹರಿಯುವುದಿಲ್ಲ. ಇಬ್ಬರಲ್ಲಿ ಯಾರೂ ಹಠಮಾರಿಗಳು ಎಂದಲ್ಲ. ಒಬ್ಬರು ಒಂದು ಭಾಷಣವನ್ನು ಬಯ್ಯುತ್ತಿದ್ದಾರೆ, ಇನ್ನೊಬ್ಬರು ಬೇರೊಂದು ಭಾಷಣವನ್ನು ಕಾಯುತ್ತಿದ್ದಾರೆ. ರಾಯಚೂರಿನ ಕಾಲೇಜುಗಳಲ್ಲಿ ಮೂರು ದಶಕ ರಾಜ್ಯಶಾಸ್ತ್ರ ಕಲಿಸಿದ ನನಗೆ ಪದವಿ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿಯೂ ಇದೇ ಕಲಸುಮೇಲೋಗರ ಸಿಗುತ್ತಿತ್ತು. ಆದ್ದರಿಂದ ಮೊದಲು ಎರಡನ್ನೂ ಬೇರೆ ಮಾಡೋಣ.

ಸರ್ಕಾರ ಬರೆದುಕೊಡುವ ಭಾಷಣ ಒಂದಿದೆ. ಅದು ಜನವರಿ 25ರದ್ದಲ್ಲ. ಸಾಮಾನ್ಯವಾಗಿ ಅದಾದ ಕೆಲವೇ ದಿನಗಳಿಗೆ, ಬಜೆಟ್ ಅಧಿವೇಶನದ ಮೊದಲ ದಿನ, ಲೋಕಸಭೆ ಮತ್ತು ರಾಜ್ಯಸಭೆಯ ಸದಸ್ಯರನ್ನು ಒಟ್ಟಿಗೆ ಕೂರಿಸಿ ಮಾಡುವ ಭಾಷಣ ಅದು. ಸಂವಿಧಾನದ 87ನೇ ವಿಧಿ ಅದನ್ನು ಕಡ್ಡಾಯ ಮಾಡಿದೆ: ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ, ಹಾಗೂ ಪ್ರತಿ ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನದಲ್ಲಿ, ಸಂಸತ್ತನ್ನು ಏಕೆ ಕರೆಯಲಾಗಿದೆ ಎಂದು ರಾಷ್ಟ್ರಪತಿಗಳು ತಿಳಿಸಬೇಕು. ಮೂಲದಲ್ಲಿ ಪ್ರತಿಯೊಂದು ಅಧಿವೇಶನಕ್ಕೂ ಈ ಭಾಷಣ ಬೇಕಿತ್ತು. 1951ರ ಮೊದಲ ತಿದ್ದುಪಡಿ ಅದನ್ನು ವರ್ಷಕ್ಕೊಂದು ಸಲಕ್ಕೆ ಇಳಿಸಿತು. ಬ್ರಿಟನ್ನಿನ ರಾಜ ಸಂಸತ್ತಿನಲ್ಲಿ ಓದುವ ಭಾಷಣದ ನೇರ ಸಂತಾನ ಇದು. ‘ನನ್ನ ಸರ್ಕಾರ’ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುವುದು ಅದಕ್ಕೇ. ಅದರ ಒಂದೊಂದು ಸಾಲಿಗೂ ಹೊಣೆ ಸಚಿವ ಸಂಪುಟದ್ದು. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಹೀಗಾಗಿ ‘ಬರೆದುಕೊಟ್ಟದ್ದನ್ನು ಓದುತ್ತಾರೆ’ ಎಂಬುದು ಈ ಭಾಷಣದ ಮಟ್ಟಿಗೆ ಬೈಗುಳವೇ ಅಲ್ಲ, ಸಂವಿಧಾನದ ವಿವರಣೆ. ಹಾಗೆ ಓದದಿದ್ದರೇ ತಕರಾರು. 2023ರ ಜನವರಿಯಲ್ಲಿ ತಮಿಳುನಾಡಿನ ರಾಜ್ಯಪಾಲರು ತಮ್ಮ ಭಾಷಣದ ಕೆಲವು ಭಾಗಗಳನ್ನು ಬಿಟ್ಟು ಓದಿ, ಕೊನೆಗೆ ಸದನದಿಂದ ಹೊರನಡೆದಾಗ ಎಷ್ಟು ಗದ್ದಲವಾಯಿತು ನೆನಪಿಸಿಕೊಳ್ಳಿ. ರಾಜ್ಯಪಾಲರಿಗೆ 176ನೇ ವಿಧಿ ವಿಧಿಸುವುದು ಇದೇ ಬಗೆಯ ಕರ್ತವ್ಯವನ್ನು.

ಇದನ್ನು ತರಗತಿಯಲ್ಲಿ ಹೇಳುವಾಗ ನಾನು ದೂರ ಹೋಗುತ್ತಿರಲಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ, ಜಮಖಂಡಿ ಬಳಿಯ ಸಾವಳಗಿಯವರಾದ ಬಿ.ಡಿ. ಜತ್ತಿ ಅವರ ಉದಾಹರಣೆ ಸಾಕು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ಜೀವಮಾನವಿಡೀ ಕಾಂಗ್ರೆಸ್ಸಿಗರು. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿನಲ್ಲಿ ಚುನಾವಣೆ ನಡೆದು ಇಂದಿರಾ ಗಾಂಧಿಯವರ ಪಕ್ಷ ಸೋತಿತು, ಜನತಾ ಸರ್ಕಾರ ಬಂತು. ಮಾರ್ಚ್ 28ರಂದು ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು, ತುರ್ತು ಪರಿಸ್ಥಿತಿಯಲ್ಲಿ ಕಸಿದುಕೊಂಡ ಸ್ವಾತಂತ್ರ್ಯಗಳನ್ನು ಮರಳಿಸುವ ಜನತಾ ಸರ್ಕಾರದ ಕಾರ್ಯಕ್ರಮವನ್ನು ಓದಿದವರು ಇದೇ ಜತ್ತಿಯವರು. ನಾಲ್ಕು ವಾರಗಳ ಹಿಂದೆ ಬೇರೆ ಸರ್ಕಾರ ‘ನನ್ನ ಸರ್ಕಾರ’ವಾಗಿತ್ತು, ಈಗ ಇದು. ಆ ದಿನ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಆ ಭಾಷಣದಲ್ಲಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಸಿಗಲೂಬಾರದು.

ಈ ಭಾಷಣಕ್ಕೆ ಪ್ರತಿಕ್ರಿಯೆ ತೋರಿಸಲು ಸಂವಿಧಾನವೇ ಒಂದು ಜಾಗ ಮಾಡಿಕೊಟ್ಟಿದೆ, ನಿಮ್ಮ ಹೋಟೆಲಿಗಿಂತ ಸ್ವಲ್ಪ ದೊಡ್ಡದು. ಅದು ವಂದನಾ ನಿರ್ಣಯದ ಚರ್ಚೆ. ಒಬ್ಬ ಸದಸ್ಯರು ‘ರಾಷ್ಟ್ರಪತಿಗಳ ಭಾಷಣಕ್ಕೆ ಸದನ ಕೃತಜ್ಞವಾಗಿದೆ’ ಎಂಬ ನಿರ್ಣಯ ಮಂಡಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಆಮೇಲೆ ಸೂರ್ಯನ ಕೆಳಗಿನ ಎಲ್ಲ ವಿಷಯಗಳೂ ಬರುತ್ತವೆ. ವಿರೋಧ ಪಕ್ಷದವರು ‘ಆದರೆ ಭಾಷಣದಲ್ಲಿ ಇಂಥದ್ದರ ಪ್ರಸ್ತಾಪವಿಲ್ಲ ಎಂದು ವಿಷಾದಿಸುತ್ತೇವೆ’ ಎಂದು ತಿದ್ದುಪಡಿಗಳನ್ನು ಸೂಚಿಸುತ್ತಾರೆ. ಬಹುತೇಕ ತಿದ್ದುಪಡಿಗಳು ಬಿದ್ದುಹೋಗುತ್ತವೆ. ಆದರೆ 2015ರ ಮಾರ್ಚಿನಲ್ಲಿ ರಾಜ್ಯಸಭೆಯಲ್ಲಿ ಕಪ್ಪುಹಣ ಮತ್ತು ಭ್ರಷ್ಟಾಚಾರದ ಬಗ್ಗೆ ಸೀತಾರಾಂ ಯೆಚೂರಿ ತಂದ ತಿದ್ದುಪಡಿ 118–57 ಮತಗಳಿಂದ ಗೆದ್ದಿತು. ಮರುವರ್ಷ ಇನ್ನೊಂದು ಗೆದ್ದಿತು. ಅದು ಪಂಚಾಯಿತಿ ಚುನಾವಣೆಗೆ ನಿಲ್ಲುವ ಹಕ್ಕಿನ ಬಗ್ಗೆ. ಹರಿಯಾಣ, ರಾಜಸ್ಥಾನಗಳು ಅಭ್ಯರ್ಥಿಗಳಿಗೆ ಶಾಲಾ ವಿದ್ಯಾರ್ಹತೆ ಕಡ್ಡಾಯ ಮಾಡಿದ್ದ ಕಾಲ. ಲೋಕಸಭೆಯಲ್ಲಿ ಹೀಗಾದರೆ ಸರ್ಕಾರ ಉಳಿಯುವುದಿಲ್ಲ. ರಾಜ್ಯಸಭೆಯಲ್ಲಿ ಆದರೆ ಮುಖಭಂಗ, ಅಷ್ಟೇ.

ಈ ಚರ್ಚೆಗೆ ಒಂದು ನಿಯಮವಿದೆ, ನಿಮ್ಮ ಹುಡುಗರು ಅದನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ. ವಂದನಾ ನಿರ್ಣಯದ ಮೇಲೆ ಮಾತನಾಡುವ ಸದಸ್ಯರು ರಾಷ್ಟ್ರಪತಿಗಳ ಹೆಸರನ್ನು ಚರ್ಚೆಗೆ ಎಳೆಯುವಂತಿಲ್ಲ. ಏಕೆಂದರೆ ಭಾಷಣದ ಹೊಣೆ ಅವರದಲ್ಲ, ಸರ್ಕಾರದ್ದು. ಭಾಷಣವನ್ನು ಚಿಂದಿ ಮಾಡಬಹುದು, ಓದಿದವರನ್ನು ಮುಟ್ಟಬಾರದು. ‘ಟೀಕಿಸುವುದೇ ಅಪರಾಧ’ ಎನ್ನುವ ನಿಮ್ಮ ಗೆಳೆಯರಿಗೂ ಉತ್ತರ ಇದರಲ್ಲೇ ಇದೆ. ಸಂಸತ್ತು ದಿನಗಟ್ಟಲೆ ಮಾಡುವುದೇ ಆ ಟೀಕೆಯನ್ನು. 361ನೇ ವಿಧಿ ರಾಷ್ಟ್ರಪತಿಗಳಿಗೆ ಕೊಡುವ ರಕ್ಷಣೆ ನ್ಯಾಯಾಲಯದ ಕಟಕಟೆಯಿಂದ. ಸಿಂಧನೂರಿನ ಚಹಾದ ಬೆಂಚಿನಿಂದ ಅಲ್ಲ.

ಈ ಗೆರೆ ಎಷ್ಟು ಸಣ್ಣದು ಎಂಬುದು 2025ರ ಜನವರಿ 31ರಂದು ಕಂಡಿತು. ಭಾಷಣ ಮುಗಿದ ಮೇಲೆ ಸೋನಿಯಾ ಗಾಂಧಿಯವರು ಸಂಸತ್ತಿನ ಹೊರಗೆ, ರಾಷ್ಟ್ರಪತಿಗಳು ಕೊನೆಕೊನೆಗೆ ಬಹಳ ದಣಿದಿದ್ದರು, ಪಾಪ, ಎಂಬರ್ಥದ ಮಾತಾಡಿದರು. ರಾಷ್ಟ್ರಪತಿ ಭವನ ಅದೇ ದಿನ ಹೇಳಿಕೆ ಹೊರಡಿಸಿ, ರಾಷ್ಟ್ರಪತಿಗಳು ಯಾವ ಕ್ಷಣದಲ್ಲೂ ದಣಿದಿರಲಿಲ್ಲ, ಆ ಮಾತು ಶೋಭೆಯಲ್ಲ ಎಂದಿತು. ಈಗ ನಿಮ್ಮ ಹೋಟೆಲಿನಲ್ಲಿ ವಿಚಾರಿಸಿ ನೋಡಿ. ಆ ‘ಪಾಪ’ ಎಲ್ಲರಿಗೂ ನೆನಪಿರುತ್ತದೆ. ಭಾಷಣದ ಒಂದು ವಾಕ್ಯ ಹೇಳಿ ಎಂದರೆ ಎಲ್ಲರೂ ಮಿರ್ಚಿಯ ತಟ್ಟೆಯ ಕಡೆ ನೋಡುತ್ತಾರೆ. ಭಾಷಣಕ್ಕೆ ಬಂದ ಪ್ರತಿಕ್ರಿಯೆ, ಆ ಪ್ರತಿಕ್ರಿಯೆಗೆ ಬಂದ ಪ್ರತಿಕ್ರಿಯೆ, ಇವುಗಳ ನಡುವೆ ಭಾಷಣ ಕಾಣೆಯಾಗುವುದು ಈಗಿನ ರೂಢಿ.

ಇನ್ನು ನೀವು ಸಂಜೆ ಏಳಕ್ಕೆ ನೋಡುವ ಭಾಷಣ. ಗಣರಾಜ್ಯೋತ್ಸವದ ಮುನ್ನಾದಿನ ಜನವರಿ 25ಕ್ಕೆ ಒಂದು, ಸ್ವಾತಂತ್ರ್ಯ ದಿನದ ಮುನ್ನಾದಿನ ಆಗಸ್ಟ್ 14ಕ್ಕೆ ಇನ್ನೊಂದು. ಸಂವಿಧಾನದಲ್ಲಿ ಇವುಗಳ ಸುದ್ದಿಯೇ ಇಲ್ಲ, ಇವು ಸಂಪ್ರದಾಯ. ಸಂಸತ್ತು ಇವುಗಳ ಮೇಲೆ ಮತ ಹಾಕುವುದಿಲ್ಲ, ಇವುಗಳಿಂದ ಸರ್ಕಾರ ಬೀಳುವುದಿಲ್ಲ. ಇಲ್ಲಿ ರಾಷ್ಟ್ರಪತಿಗಳು ನೇರವಾಗಿ ಜನರನ್ನು ಉದ್ದೇಶಿಸಿ ಮಾತನಾಡುತ್ತಾರೆ. ಹೆಚ್ಚಿನ ವರ್ಷ ಅವು ಶುಭಾಶಯ, ಸಾಧನೆಗಳ ಸ್ಮರಣೆ, ಹಿರಿಯರ ನೆನಪುಗಳಲ್ಲಿ ಮುಗಿದುಹೋಗುತ್ತವೆ. ಬೇಸರವೆನಿಸಿದರೆ ಅದು ಕೇಳುಗನ ತಪ್ಪಲ್ಲ. ಆದರೆ ಆ ಕುರ್ಚಿಯಲ್ಲಿ ಕೂತವರ ಸ್ವಂತ ಧ್ವನಿ ಕೇಳಿಸುವ ಜಾಗ ಎಲ್ಲಾದರೂ ಇದ್ದರೆ ಅದು ಇಲ್ಲೇ.

ಅದನ್ನು ತೋರಿಸಿಕೊಟ್ಟವರು ಕೆ.ಆರ್. ನಾರಾಯಣನ್. 1998ರ ಆಗಸ್ಟಿನಲ್ಲಿ ಅವರು ರೂಢಿಯ ಭಾಷಣವನ್ನೇ ಬಿಟ್ಟು, ಪತ್ರಕರ್ತ ಎನ್. ರಾಮ್ ಅವರ ಪ್ರಶ್ನೆಗಳಿಗೆ ಉತ್ತರಿಸಿದರು. ಆಕಾಶವಾಣಿ, ದೂರದರ್ಶನ ಪ್ರಸಾರ ಮಾಡಿದ್ದು ಆ ಸಂದರ್ಶನವನ್ನು. 2000ದ ಜನವರಿ 25ರಂದು, ಗಣರಾಜ್ಯಕ್ಕೆ ಐವತ್ತು ತುಂಬುವ ಹೊತ್ತಿನಲ್ಲಿ, ದೀರ್ಘಕಾಲ ಸಹಿಸಿಕೊಂಡು ಬಂದ ಜನರ ಸಿಟ್ಟಿನ ಬಗ್ಗೆ ಎಚ್ಚರವಿರಲಿ ಎಂದರು. ಎರಡು ದಿನ ಬಿಟ್ಟು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ, ಸಂವಿಧಾನ ನಮ್ಮನ್ನು ಸೋಲಿಸಿತೋ ನಾವು ಸಂವಿಧಾನವನ್ನು ಸೋಲಿಸಿದೆವೋ ಎಂದು ಕೇಳಿದರು. ವಾಜಪೇಯಿ ಸರ್ಕಾರ ಸಂವಿಧಾನ ಪರಾಮರ್ಶೆಯ ಆಯೋಗ ರಚಿಸಲು ಹೊರಟಿದ್ದ ದಿನಗಳವು. ದೆಹಲಿಯ ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು.

2001ರ ಜನವರಿ 25ರ ಭಾಷಣದ ಬಗ್ಗೆ ಮಾತ್ರ ಇನ್ನಷ್ಟು ಹೇಳಬೇಕು, ಅದು ನಮ್ಮ ಸೀಮೆಗೆ ಸೇರಿದ್ದು. ಹಸಿರು ಭೂಮಿಯನ್ನೂ ಶತಮಾನಗಳಿಂದ ಅಲ್ಲಿ ಬದುಕಿದ ಮುಗ್ಧ ಆದಿವಾಸಿಗಳನ್ನೂ ನಾಶಮಾಡಿ ಭಾರತದ ಗಣರಾಜ್ಯ ಕಟ್ಟಲಾಯಿತು ಎಂದು ಮುಂದಿನ ಪೀಳಿಗೆಗಳು ಹೇಳುವಂತಾಗದಿರಲಿ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಬಳ್ಳಾರಿಯಲ್ಲಾಗಲಿ ಸಂಡೂರಿನಲ್ಲಾಗಲಿ ಅದಕ್ಕೆ ಯಾರಾದರೂ ಪ್ರತಿಕ್ರಿಯಿಸಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಅಲ್ಲಿನ ಗುಡ್ಡಗಳ ಕಬ್ಬಿಣದ ಅದಿರಿಗೆ ಆಗ ಅಂಥ ಬೆಲೆಯೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಚೀನಾದ ಬೇಡಿಕೆ ಏರಿತು, ಲಾರಿಗಳ ಸಾಲು ಹೊಸಪೇಟೆಯ ರಸ್ತೆಗಳನ್ನು ತುಂಬಿತು, ಗುಡ್ಡಗಳು ಕರಗಿದವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆ ವರ್ಷ ನಾನು ತರಗತಿಯಲ್ಲಿ ನಾರಾಯಣನ್ ಅವರ ಹಳೆಯ ಮಾತನ್ನು ಓದಿದೆ. ಸಂಡೂರು ಕಡೆಯ ಒಬ್ಬ ಹುಡುಗ ಎದ್ದು, ‘ಸರ್, ಇದನ್ನು ನಮ್ಮೂರಿನ ಬಗ್ಗೆಯೇ ಹೇಳಿದ್ದಾರಲ್ಲ, ಯಾವಾಗ ಬಂದಿದ್ದರು?’ ಎಂದು ಕೇಳಿದ. ಆ ಭಾಷಣಕ್ಕೆ ನಾನು ಕಂಡ ಅತ್ಯುತ್ತಮ ಪ್ರತಿಕ್ರಿಯೆ ಅದು. ಹತ್ತು ವರ್ಷ ತಡವಾಗಿ ಬಂತು. ಯಾವ ಸಮೀಕ್ಷೆಯೂ ಅಷ್ಟು ದಿನ ಕಾಯುವುದಿಲ್ಲ.

ಪ್ರಣಬ್ ಮುಖರ್ಜಿಯವರದು ಇದಕ್ಕೆ ತದ್ವಿರುದ್ಧ, ಮಾತು ಬಾಯಿಂದ ಬೀಳುವ ಮೊದಲೇ ಪ್ರತಿಕ್ರಿಯೆ ಸಿದ್ಧವಾಗಿತ್ತು. 2014ರ ಜನವರಿಯಲ್ಲಿ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ರೈಲ್ ಭವನದ ಬಳಿ ಧರಣಿ ಕೂತರು, ಹೌದು ನಾನು ಅರಾಜಕತಾವಾದಿ ಎಂದರು. ಅದಾದ ಕೆಲವೇ ದಿನಗಳಲ್ಲಿ, 25ರ ಸಂಜೆ, ಜನಮರುಳಿನ ಅರಾಜಕತೆ ಆಡಳಿತಕ್ಕೆ ಬದಲಿಯಾಗಲಾರದು, ಸರ್ಕಾರವೆಂದರೆ ದಾನದ ಅಂಗಡಿಯಲ್ಲ ಎಂದು ರಾಷ್ಟ್ರಪತಿಗಳು ಹೇಳಿದರು. ಹೆಸರು ಹಿಡಿಯಲಿಲ್ಲ. ಹಿಡಿಯುವ ಅಗತ್ಯವೂ ಇರಲಿಲ್ಲ. ಭಾಷಣದಲ್ಲಿ ಶಿಕ್ಷಣ, ಭ್ರಷ್ಟಾಚಾರ, ಚುನಾವಣೆಯ ಬಗ್ಗೆ ಬೇಕಾದಷ್ಟಿತ್ತು. ದೇಶ ಚರ್ಚಿಸಿದ್ದು ಆ ಒಂದೆರಡು ವಾಕ್ಯಗಳನ್ನು.

ಈಗ ನಮ್ಮ ಕಡೆಗೆ ಬರೋಣ. ರಾಯಚೂರು, ಕೊಪ್ಪಳ, ಬಳ್ಳಾರಿಯ ಜನ ಈ ಭಾಷಣಗಳನ್ನು ಹೇಗೆ ಕೇಳುತ್ತಾರೆ ಎಂಬುದಕ್ಕೆ ನನ್ನಲ್ಲಿ ಅಂಕಿಅಂಶಗಳಿಲ್ಲ, ಕಿವಿ ಇದೆ. ನಾನು ಕೇಳಿದ ಮಟ್ಟಿಗೆ ಇಲ್ಲಿನ ಪ್ರಶ್ನೆ ಒಂದೇ: ‘ನಮ್ಮದು ಬಂತೇನು?’ ಏಮ್ಸ್ ಆಸ್ಪತ್ರೆ ಬಂತೇ, ತುಂಗಭದ್ರೆ ಬಂತೇ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತೇ. ಇದನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಪೆಂಡಾಲಿನಲ್ಲಿ ಕೂತವರು ದೇಶದ ಆರೋಗ್ಯ ವ್ಯವಸ್ಥೆಯ ಪ್ರಗತಿಯ ಬಗ್ಗೆ ಒಂದು ಪ್ಯಾರಾ ಕೇಳಿದರೆ ಅವರಿಗೆ ಕೇಳಿಸುವುದು ಅದರಲ್ಲಿ ಇಲ್ಲದ ಒಂದು ಊರಿನ ಹೆಸರು. ಸಂಸತ್ತಿನಲ್ಲಿ ‘ಪ್ರಸ್ತಾಪವಿಲ್ಲ ಎಂದು ವಿಷಾದಿಸುತ್ತೇವೆ’ ಎಂದು ತಿದ್ದುಪಡಿ ತರುವ ಸದಸ್ಯರು ಮಾಡುವುದೂ ಇದನ್ನೇ ಅಲ್ಲವೇ? ಇಲ್ಲಿನ ಜನ ವಂದನಾ ನಿರ್ಣಯದ ಚರ್ಚೆಯನ್ನು ತಮ್ಮ ಕಟ್ಟೆಯ ಮೇಲೆ ತಾವೇ ನಡೆಸುತ್ತಾರೆ, ಮತ ಹಾಕುವ ಅವಕಾಶವೊಂದಿಲ್ಲ. 371(ಜೆ) ವಿಷಯದಲ್ಲಂತೂ ಈ ನಿರೀಕ್ಷೆಗೆ ಕಾನೂನಿನ ಆಧಾರವೂ ಇದೆ: ನಮ್ಮ ಭಾಗದ ಅಭಿವೃದ್ಧಿ ಮಂಡಳಿ, ಮೀಸಲಾತಿಗಳ ಬಗ್ಗೆ ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸುವ ಆದೇಶ ರಾಷ್ಟ್ರಪತಿಗಳ ಹೆಸರಿನಲ್ಲೇ ಹೊರಡಬೇಕು.

ಕೆಲವೊಮ್ಮೆ ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. 33 ಗೇಟುಗಳ ಅಣೆಕಟ್ಟು, ತುಂಬಿದ ನೀರು, ಎಡದಂಡೆಯ ಗದ್ದೆಗಳಲ್ಲಿ ಭತ್ತದ ನಾಟಿಯ ಕಾಲ. 16ರಂದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ನ, ಅಂದರೆ ಗೇಟಿನ ಬದಲಿಗೆ ಇಳಿಸುವ ತಾತ್ಕಾಲಿಕ ತಡೆಯ, ಮೊದಲ ತುಂಡು ಕೂತಿತು. ಮರುದಿನ ಕೆಲಸ ಮುಗಿಯಿತು. ನಡುವೆ ಬಂದದ್ದು 14ರ ಸಂಜೆ. ಆ ದಿನ ಮುನಿರಾಬಾದಿನಿಂದ ಮಾನ್ವಿಯವರೆಗೆ ಟಿ.ವಿ. ಹಾಕಿದವರು ನೋಡುತ್ತಿದ್ದದ್ದು ಗೇಟಿನ ಜಾಗದಲ್ಲಿ ಉಕ್ಕುವ ನೀರನ್ನು. ಯಾರಾದರೂ ಆ ಸಂಜೆ ನಮ್ಮ ಜಿಲ್ಲೆಗಳಲ್ಲಿ ‘ರಾಷ್ಟ್ರಪತಿಗಳ ಭಾಷಣಕ್ಕೆ ಜನರ ನೀರಸ ಪ್ರತಿಕ್ರಿಯೆ’ ಎಂದು ಬರೆದಿದ್ದರೆ ಅಕ್ಷರಶಃ ನಿಜ, ಅರ್ಥದಲ್ಲಿ ಶುದ್ಧ ಸುಳ್ಳು.

ಭಾಷೆಯ ಮಾತನ್ನೂ ಮರೆಯಬಾರದು. ಸಂಜೆ ಏಳಕ್ಕೆ ಬರುವುದು ಹಿಂದಿ, ಅದರ ಬೆನ್ನಿಗೆ ಇಂಗ್ಲಿಷ್. ಆಮೇಲೆ ಪ್ರಾದೇಶಿಕ ದೂರದರ್ಶನ ವಾಹಿನಿಗಳ ಸರದಿ. ಆಕಾಶವಾಣಿಯಲ್ಲಿ ಕನ್ನಡದ ಅವತರಣಿಕೆ ಬರುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ನಿಜಾಮರ ಆಳ್ವಿಕೆಯ ದೆಸೆಯಿಂದ ರಾಯಚೂರಿನವರಿಗೆ ದಖನಿ ಉರ್ದು ಬರುತ್ತದೆ, ಹಿಂದಿ ಸಿನಿಮಾ ತಿಳಿಯುತ್ತದೆ. ಆದರೆ ರಾಷ್ಟ್ರಪತಿ ಭವನದ ಸಂಸ್ಕೃತ ತುಂಬಿದ ಹಿಂದಿ ಬೇರೆಯೇ ಜಾತಿಯದು. ತೀನ್ ಕಂದೀಲ್ ಬಳಿ ಹಣ್ಣು ಮಾರುವವರಿಗೆ ಅದು ನನಗೆ ತಿಳಿಯುವಷ್ಟೂ ತಿಳಿಯಲಿಕ್ಕಿಲ್ಲ. ಹೀಗಿರುವಾಗ ಏಳೂವರೆಗೇ ನಡೆಯುವ ವಾದ ಯಾವುದರ ಮೇಲೆ? ಪರದೆಯ ಕೆಳಗೆ ಓಡುವ ಒಂದು ಸಾಲಿನ ಮೇಲೆ. ಅದನ್ನು ಆರಿಸಿದವರು ಬೆಂಗಳೂರಿನ ಸುದ್ದಿಮನೆಯ ಯಾರೋ ಒಬ್ಬರು. ಒಂಬತ್ತೂವರೆಗೆ ಕನ್ನಡ ಬರುವಾಗ ಹೋಟೆಲಿನ ಬಾಗಿಲು ಹಾಕಿರುತ್ತದೆ.

ಹಾಗೆಂದು ಮಾತು ತಿಳಿಯದವರ ಪ್ರತಿಕ್ರಿಯೆ ಪೊಳ್ಳು ಎನ್ನಲಾರೆ. ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೋ ಒಂದು ಪ್ರಯೋಗ ಮಾಡಿತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆ ಕೊಟ್ಟಿತು. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕೊಪ್ಪಳ ಆಗ ರಾಯಚೂರಿನಲ್ಲೇ ಇತ್ತು. ಬೆಂಗಳೂರಿಗೆ ದೂರದರ್ಶನ ಬರಲು ಇನ್ನೂ ಐದಾರು ವರ್ಷ ಬಾಕಿ ಇದ್ದಾಗ ನಮ್ಮ ಭಾಗದ ದನ ಕಾಯುವ ಹುಡುಗರು ಟಿ.ವಿ. ನೋಡಿದ್ದರು ಎಂದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ. ಅಂಥ ಒಂದು ಶಾಲೆಯ ಅಂಗಳದಲ್ಲಿ, ಹಿಂದಿಯಲ್ಲಿ ಯಾರೋ ದೊಡ್ಡವರು ಮಾತನಾಡುತ್ತಿದ್ದಾಗ ನನ್ನ ಅಜ್ಜಿ ಪರದೆಗೆ ಕೈಮುಗಿದದ್ದು ನೆನಪಿದೆ. ಒಂದಕ್ಷರ ತಿಳಿದಿರಲಿಲ್ಲ. ಊರಿಗೆ ಮಾತು ಬಂತಲ್ಲ ಎಂಬುದಕ್ಕೆ ಕೈಮುಗಿದಳು.

ಅದೇ ರೀತಿಯದನ್ನು 2023ರ ಜನವರಿ 25ರಂದು ಮತ್ತೆ ಕಂಡೆ. ದ್ರೌಪದಿ ಮುರ್ಮು ಅವರ ಮೊದಲ ಗಣರಾಜ್ಯೋತ್ಸವ ಸಂದೇಶ ಅದು. ಒಡಿಶಾದ ಮಯೂರ್‌ಭಂಜ್‌ನ ಸಂತಾಲ ಸಮುದಾಯದ, ಹಿಂದೊಮ್ಮೆ ನಿಮ್ಮ ಹಾಗೆ ಶಾಲೆಯಲ್ಲಿ ಪಾಠ ಹೇಳಿದ ಹೆಣ್ಣುಮಗಳು. ರಾಯಚೂರು, ಬಳ್ಳಾರಿ ಎರಡೂ ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಓಣಿಯ ಮನೆಗಳಲ್ಲಿ ಕೆಲಸ ಮಾಡುವ ವಾಲ್ಮೀಕಿ ಸಮುದಾಯದ ತಾಯಿಯೊಬ್ಬರು ಬಾಗಿಲ ಬಳಿ ನಿಂತು ಐದು ನಿಮಿಷ ನೋಡಿದರು. ಏನು ಹೇಳಿದರು ಎಂದು ಕೇಳಲಿಲ್ಲ, ‘ನಮ್ಮವರಂತೆ ಇದ್ದಾರಲ್ಲ’ ಎಂದರು. ಭಾಷಣದ ವಿಶ್ಲೇಷಕರು ಇದನ್ನು ಎಲ್ಲಿ ಬರೆದುಕೊಳ್ಳುತ್ತಾರೆ? ಬರೆದುಕೊಳ್ಳಲೇಬೇಕಾದದ್ದು ಇದು. ಅದೇ ಹೊತ್ತಿಗೆ, ಆ ತಾಯಿಯ ಸಂತೋಷವನ್ನು ‘ಸರ್ಕಾರದ ನೀತಿಗೆ ಜನರ ಮೆಚ್ಚುಗೆ’ ಎಂದು ಲೆಕ್ಕ ಹಾಕುವುದು ಮೋಸ.

ಅಮೆರಿಕದ ವಿಷಯ. ಹುಡುಗರು ನೋಡಿದ್ದು ‘ಸ್ಟೇಟ್ ಆಫ್ ದಿ ಯೂನಿಯನ್’ ಭಾಷಣ. ಅಲ್ಲಿನ ಅಧ್ಯಕ್ಷರೇ ಸರ್ಕಾರದ ಮುಖ್ಯಸ್ಥರು. ಬರೆದುಕೊಡುವ ಮಂತ್ರಿಮಂಡಲ ಬೇರೆ, ಓದುವವರು ಬೇರೆ ಎಂಬ ವ್ಯವಸ್ಥೆ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ರಾಷ್ಟ್ರಪತಿಗಳ ಭಾಷಣಕ್ಕಿಂತ ಪ್ರಧಾನಿಯ ಕೆಂಪುಕೋಟೆಯ ಭಾಷಣಕ್ಕೆ ಹತ್ತಿರ. ಆದ್ದರಿಂದ ಅಲ್ಲಿ ಚಪ್ಪಾಳೆಯೂ ನೇರ, ಮುನಿಸೂ ನೇರ. 2020ರಲ್ಲಿ ಸ್ಪೀಕರ್ ನ್ಯಾನ್ಸಿ ಪೆಲೋಸಿ ಟ್ರಂಪ್ ಅವರ ಬೆನ್ನ ಹಿಂದೆಯೇ ಭಾಷಣದ ಪ್ರತಿ ಹರಿದರು. ಟಿ.ವಿ. ಈ ಭಾಷಣವನ್ನು ಮೊದಲು ತೋರಿಸಿದ್ದು 1947ರಲ್ಲಿ, ಟ್ರೂಮನ್ ಕಾಲದಲ್ಲಿ. 1965ರಲ್ಲಿ ಜಾನ್ಸನ್ ಅದನ್ನು ಹಗಲಿನಿಂದ ಸಂಜೆಗೆ ತಂದರು, ಜನ ಮನೆಯಲ್ಲಿರುವ ಹೊತ್ತಿಗೆ. ಮರುವರ್ಷವೇ ವಿರೋಧ ಪಕ್ಷ ತನ್ನ ಉತ್ತರವನ್ನು ಟಿ.ವಿ.ಯಲ್ಲೇ ಕೊಡಲು ಶುರುಮಾಡಿತು. ಸದಸ್ಯರು ಎದ್ದು ಕೂತು ಎದ್ದು ಕೂತು ಮಾಡುವುದನ್ನು ನಮ್ಮೂರ ಶಾಲೆಯ ಬಸ್ಕಿಗೆ ಹೋಲಿಸಬೇಕೆನಿಸುತ್ತದೆ. ಅದೂ ಕ್ಯಾಮೆರಾ ಕಲಿಸಿದ ವ್ಯಾಯಾಮ.

ನಿಮ್ಮ ‘ಯಾರನ್ನು ನಂಬಬೇಕು’ ಎಂಬ ಪ್ರಶ್ನೆಗೆ ಅಮೆರಿಕವೇ ಒಳ್ಳೆಯ ಪಾಠಶಾಲೆ. ಭಾಷಣ ಮುಗಿದ ತಕ್ಷಣ ಅಲ್ಲಿನ ವಾಹಿನಿಗಳು ನೋಡಿದವರಿಗೆ ಫೋನು ಹಚ್ಚಿ ಸಮೀಕ್ಷೆ ಮಾಡುತ್ತವೆ, ಬಹುಪಾಲು ಜನ ಮೆಚ್ಚಿದರು ಎಂಬ ಫಲಿತಾಂಶ ಹೆಚ್ಚುಕಡಿಮೆ ಪ್ರತಿ ಸಲ ಬರುತ್ತದೆ, ಅಧ್ಯಕ್ಷ ಯಾರೇ ಇರಲಿ. ಕಾರಣ ಸರಳ. ಒಂದು ಗಂಟೆಗೂ ಹೆಚ್ಚು ಹೊತ್ತು ಕೂತು ಪೂರ್ತಿ ನೋಡುವವರಲ್ಲಿ ಅಧ್ಯಕ್ಷರ ಪಕ್ಷದವರೇ ಹೆಚ್ಚು. ಆಗದವರು ಚಾನೆಲ್ ಬದಲಿಸಿರುತ್ತಾರೆ. ಜಾತ್ರೆಗೆ ಬಂದವರನ್ನು ನಿಲ್ಲಿಸಿ ದೇವರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದಂತೆ. ಇಡೀ ದೇಶದ ಅಭಿಪ್ರಾಯ ಅಳೆಯುವ ಗ್ಯಾಲಪ್ ಸಂಸ್ಥೆಯ ದಾಖಲೆ ನೋಡಿದರೆ ಈ ಭಾಷಣಗಳಿಂದ ಅಧ್ಯಕ್ಷರ ಜನಪ್ರಿಯತೆ ಕದಲುವುದು ಅಪರೂಪ. ದೊಡ್ಡ ಅಪವಾದ 1998ರ ಕ್ಲಿಂಟನ್: ಮೋನಿಕಾ ಲೆವಿನ್‌ಸ್ಕಿ ಹಗರಣದ ನಡುವೆಯೇ ಭಾಷಣ ಮಾಡಿದರು, ಮೆಚ್ಚುವವರ ಪ್ರಮಾಣ ಶೇಕಡಾ 59ರಿಂದ 69ಕ್ಕೆ ಏರಿತು. ಅದರಲ್ಲಿ ಭಾಷಣದ ಪಾಲೆಷ್ಟು, ಹಗರಣ ಕೆದಕಿದವರ ಮೇಲಿನ ಸಿಟ್ಟಿನ ಪಾಲೆಷ್ಟು ಎಂದು ಇವತ್ತಿಗೂ ವಾದವಿದೆ.

ನಮ್ಮಲ್ಲಿಯೂ ಬೀದಿಯಲ್ಲಿ ಮೈಕು ಹಿಡಿದು ನಾಲ್ವರನ್ನು ಕೇಳಿ ‘ಜನ ಏನಂತಾರೆ’ ಎಂದು ತೋರಿಸುವವರಿದ್ದಾರೆ. ಅಂಥದ್ದನ್ನು ಕಂಡಾಗ ನಾನು ವಿಚಾರಿಸುವುದು ಇಷ್ಟೇ: ಈ ಮನುಷ್ಯ ಭಾಷಣ ಕೇಳಿದ್ದಾನೆಯೇ, ಯಾವ ಭಾಷೆಯಲ್ಲಿ ಕೇಳಿದ, ಅದರ ಒಂದು ವಾಕ್ಯವನ್ನಾದರೂ ತನ್ನ ಮಾತಿನಲ್ಲಿ ಹೇಳಬಲ್ಲನೇ? ಹೇಳಬಲ್ಲವನು ಬಯ್ದರೂ ಹೊಗಳಿದರೂ ಕಿವಿಗೊಡುತ್ತೇನೆ. ಹೇಳಲಾಗದವನು ಕೊಡುವುದು ಬೇರೆ ಮಾಹಿತಿ, ತನ್ನ ಪಕ್ಷದ್ದೋ ತನ್ನ ನೋವಿನದ್ದೋ. ಅದೂ ಬೇಕು, ಬೇರೆ ಡಬ್ಬಿಯಲ್ಲಿ ಇಡಬೇಕು ಅಷ್ಟೇ. ಬಹಿಷ್ಕಾರವನ್ನೂ ಹೀಗೇ ನೋಡುತ್ತೇನೆ. 2021ರ ಜನವರಿ 29ರಂದು ಕೃಷಿ ಕಾಯ್ದೆಗಳ ವಿರುದ್ಧ ಹದಿನಾರಕ್ಕೂ ಹೆಚ್ಚು ವಿರೋಧ ಪಕ್ಷಗಳು ರಾಮನಾಥ ಕೋವಿಂದ್ ಅವರ ಭಾಷಣಕ್ಕೆ ಗೈರಾದವು. ಭಾಷಣದಲ್ಲಿ ಏನಿರುತ್ತದೆ ಎಂದು ತಿಳಿಯುವ ಮೊದಲೇ ಕೊಟ್ಟ ಪ್ರತಿಕ್ರಿಯೆ ಅದು, ಭಾಷಣಕ್ಕಲ್ಲ, ಕಾಯ್ದೆಗಳಿಗೆ. ಹಾಗೆ ಓದಿಕೊಂಡರೆ ಅದಕ್ಕೆ ಅರ್ಥವಿದೆ, ರಾಷ್ಟ್ರಪತಿಗಳಿಗೆ ಮಾಡಿದ ಅವಮಾನ ಎಂದೋ ಭಾಷಣದ ವಿಮರ್ಶೆ ಎಂದೋ ಓದಿದರೆ ಇಲ್ಲ.

ತರಗತಿಯಲ್ಲಿ ಏನು ಮಾಡಬಹುದೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಹಳೆಯ ಚಟ. ಜನವರಿ 25ರ ಭಾಷಣವನ್ನೂ ಆ ವರ್ಷ ಸಂಸತ್ತಿನಲ್ಲಿ ಮಾಡಿದ ಭಾಷಣವನ್ನೂ ಪತ್ರಿಕೆಗಳಿಂದ ಕತ್ತರಿಸಿ, ಯಾವುದು ಯಾವುದೆಂದು ಹೇಳದೆ ಹುಡುಗರ ಮುಂದಿಡಿ. ‘ನನ್ನ ಸರ್ಕಾರ’ ಎಂಬಲ್ಲೆಲ್ಲ ಕೆಂಪು ಗೆರೆ ಎಳೆಯಲಿ. ಕಾಲು ಗಂಟೆಯಲ್ಲಿ 74ನೇ ವಿಧಿ ಅರ್ಥವಾಗುತ್ತದೆ, ನೀವು ಬಾಯಿ ತೆರೆಯಬೇಕಾಗಿಲ್ಲ. ಇನ್ನೊಂದು ಮಾತು: ಗುಂಪಿನಲ್ಲಿ ಚರ್ಚೆಗೆ ಬಿಡುವ ಮೊದಲು ಪ್ರತಿಯೊಬ್ಬರೂ ತಮ್ಮ ಅನಿಸಿಕೆಯನ್ನು ಚೀಟಿಯಲ್ಲಿ ಬರೆದಿಡಲಿ. ಇಲ್ಲದಿದ್ದರೆ ಮೊದಲು ಮಾತನಾಡಿದ ಹುಡುಗನ ಅಭಿಪ್ರಾಯವೇ ಇಡೀ ತರಗತಿಯ ಅಭಿಪ್ರಾಯವಾಗುತ್ತದೆ, ನಿಮ್ಮ ಹೋಟೆಲಿನಲ್ಲಿ ಆಗುವಂತೆ.

ಪತ್ರದ ವಿಷಯ ಕೊನೆಗೆ. ಬರೆಯಲಿ. ರಾಷ್ಟ್ರಪತಿಗಳ ಸಚಿವಾಲಯ 2009ರಿಂದ ಸಾರ್ವಜನಿಕರ ಅರ್ಜಿಗಳಿಗೆಂದೇ ಒಂದು ಸಹಾಯವಾಣಿ ಜಾಲತಾಣ ನಡೆಸುತ್ತಿದೆ. ಪ್ರತಿಭಾ ಪಾಟೀಲ್ ಅವರ ಕಾಲದಲ್ಲಿ ಶುರುವಾದದ್ದು. ಅಂಚೆಯಲ್ಲಿಯೂ ಕಳುಹಿಸಬಹುದು. ಆದರೆ ಅದರ ದಾರಿ ಹುಡುಗರಿಗೆ ಮೊದಲೇ ತಿಳಿದಿರಲಿ: ಕೇಂದ್ರಕ್ಕೆ ಸೇರಿದ್ದಾದರೆ ಆಯಾ ಸಚಿವಾಲಯಕ್ಕೆ, ರಾಜ್ಯದ್ದಾದರೆ ಬೆಂಗಳೂರಿಗೆ ರವಾನೆಯಾಗುತ್ತದೆ. ಶಾಲೆಯ ಶೌಚಾಲಯದ ಬಗ್ಗೆಯೋ ಬಸ್ಸಿನ ಬಗ್ಗೆಯೋ ಬರೆದರೆ ಅದು ದೆಹಲಿ, ಬೆಂಗಳೂರು, ರಾಯಚೂರು ಸುತ್ತಿ ಕೊನೆಗೆ ನಿಮ್ಮ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಬಂದು ಕೂರುವ ಸಂಭವವೇ ಹೆಚ್ಚು. ಜಾಲತಾಣದ ಮೂಲಕ ಕಳುಹಿಸಿದರೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅದನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಹುಡುಗರಿಗೆ ಹೇಳಿ.